ನಾನು ಕಳಿಸಿದ ಒಂದು ಮೆಸೇಜು ಮತ್ತು ಎಣ್ಣೂರಿನ ಕೆಸರು

 

ಪರಿಚಯ ಎರಡೇ ಮಾತಲ್ಲಿ ಮುಗಿಸ್ತೀನಿ. ಊರು ಕುಮಟಾ ತಾಲ್ಲೂಕು, ಅಘನಾಶಿನಿ ನದಿಯ ದಡ. ಚೆನ್ನೈಗೆ ಬಂದು 11 ವರ್ಷ ಆಯ್ತು. ಅಂಬತ್ತೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಪೆರಂಬೂರಿನಲ್ಲಿ ಮನೆ. ನಾನು ವಿಜ್ಞಾನಿ ಅಲ್ಲ. ಇವತ್ತು ಮಾತಾಡೋಕೆ ಹೊರಟಿರೋದು ಕೆಸರಿನ ಬಗ್ಗೆ, ಕೆಸರಿನಲ್ಲಿ ಕೂತಿರೋ ಸೀಸ, ಕ್ಯಾಡ್ಮಿಯಂ, ಪಾದರಸದ ಬಗ್ಗೆ. ಇದನ್ನ ಕಲಿಯೋ ಪರಿಸ್ಥಿತಿ ನನಗೆ ಬಂದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮ ಅಪಾರ್ಟ್‌ಮೆಂಟಿಗೆ ಭಾನುವಾರ ಬೆಳಿಗ್ಗೆ ಒಬ್ಬ ಅಕ್ಕ ಮೀನು ತರ್ತಾರೆ. ಎಣ್ಣೂರಿನ ಕಡೆಯವರು. ಶೇರ್ ಆಟೋದಲ್ಲಿ ಅಲ್ಯೂಮಿನಿಯಂ ಬೋಗುಣಿ ಇಟ್ಟುಕೊಂಡು ಬರ್ತಾರೆ. ಸಮುದ್ರದ ಮೀನು ಇರ್ತದೆ, ಆದ್ರೆ ಅವರ ಹೆಸರಿರೋದು ಸಿಗಡಿಗೆ, ತಮಿಳಲ್ಲಿ ಇರಾಲ್. ಹಿನ್ನೀರಿನ ಸಿಗಡಿ, ಸಣ್ಣದು, ಸಿಹಿ. ಕರಾವಳಿಯಲ್ಲಿ ಹುಟ್ಟಿದವನಿಗೆ ಆ ರುಚಿ ಸಿಕ್ಕಿಬಿಟ್ರೆ ಮುಗೀತು.

2023ರ ಡಿಸೆಂಬರ್ ನಿಮಗೆ ನೆನಪಿರಬಹುದು. ಮಿಚಾಂಗ್ ಚಂಡಮಾರುತ, ನೆರೆ, ಅದರ ಜೊತೆಗೆ ಮಣಲಿ ಕಡೆಯಿಂದ ಬಕಿಂಗ್‌ಹ್ಯಾಮ್ ಕಾಲುವೆ ಮೂಲಕ ಎಣ್ಣೂರಿನ ಖಾರಿಗೆ ಹರಿದ ಎಣ್ಣೆ. ಬಲೆ, ದೋಣಿ, ಕಾಂಡ್ಲಾ ಗಿಡ, ಕೊಕ್ಕರೆ ಎಲ್ಲ ಕಪ್ಪಾದ ಚಿತ್ರಗಳು ಬಂದವು. ಆ ಅಕ್ಕ ವಾರಗಟ್ಟಲೆ ಬರಲೇ ಇಲ್ಲ. 2024ರ ಮಾರ್ಚ್ ಹೊತ್ತಿಗೆ ನಿಧಾನಕ್ಕೆ ಮತ್ತೆ ಶುರು ಮಾಡಿದ್ರು. ಜನ ಇನ್ನೂ ಅನುಮಾನದಲ್ಲೇ ಕೊಳ್ತಿದ್ರು.

ಆಗ ಒಂದು ರಾತ್ರಿ ಯಾರೋ ಗ್ರೂಪಲ್ಲಿ ಒಂದು ಕೋಷ್ಟಕದ ಫೋಟೋ ಹಾಕಿದ್ರು. ಎಣ್ಣೂರು ಅಂತ ಮೇಲೆ ಬರೆದಿತ್ತು, ಕೆಳಗೆ ಲೋಹಗಳ ಹೆಸರು, ಸಂಖ್ಯೆ. ಸೀಸದ ಕಾಲಂನಲ್ಲಿ ಎರಡಂಕಿಯ ಸಂಖ್ಯೆ, ಪಿಪಿಎಂನಲ್ಲಿ. ನಾನು ಗೂಗಲ್ ಮಾಡಿದೆ: ಮೀನಿನಲ್ಲಿ ಸೀಸಕ್ಕೆ ಕೋಡೆಕ್ಸ್ ಮಿತಿ ಎಷ್ಟು? ಕಿಲೋಗೆ 0.3 ಮಿಲಿಗ್ರಾಂ. ಅಂದ್ರೆ 0.3 ಪಿಪಿಎಂ. ಭಾಗಿಸಿದೆ. ಸುಮಾರು ನೂರು ಪಟ್ಟು! ಹನ್ನೊಂದು ಗಂಟೆ ರಾತ್ರೀಲಿ ನಾನೊಬ್ಬ ದೊಡ್ಡ ಸಮಾಜಸೇವಕ ಆಗಿಬಿಟ್ಟೆ. "ಎಣ್ಣೂರಿನ ಸಿಗಡಿಯಲ್ಲಿ ಸೀಸ ಮಿತಿಗಿಂತ ನೂರು ಪಟ್ಟು ಹೆಚ್ಚು, ದಯವಿಟ್ಟು ಮಕ್ಕಳಿಗೆ ಕೊಡಬೇಡಿ" ಅಂತ ಕನ್ನಡದಲ್ಲಿ ಒಂದು, ಇಂಗ್ಲಿಷಲ್ಲಿ ಒಂದು ಬರೆದು ಮೂರು ಗ್ರೂಪಿಗೆ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಎಪ್ಪತ್ತು ಜನ ಥ್ಯಾಂಕ್ಸ್ ಹೇಳಿದ್ರು.

ಆ ಭಾನುವಾರ ಅಕ್ಕ ಬಂದ್ರು. ಒಬ್ಬರೂ ಕೆಳಗೆ ಇಳೀಲಿಲ್ಲ. ಸೆಕ್ಯೂರಿಟಿಯವನು ಅವರಿಗೆ ಫೋನಲ್ಲಿ ಆ ಮೆಸೇಜು ತೋರಿಸಿದ. ಅದನ್ನ ನಾನು ನಾಲ್ಕನೇ ಮಹಡಿಯ ಬಾಲ್ಕನಿಯಿಂದ ನೋಡಿದೆ.

ಕೆಸರ ತಿಂತಿಯೋ, ಮೀನ ತಿಂತಿಯೋ?

ನಮ್ಮ ಕಟ್ಟಡದಲ್ಲೇ ಧಾರವಾಡ ಕಡೆಯ ಒಬ್ಬ ಹಿರಿಯರಿದ್ದಾರೆ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ನಾವೆಲ್ಲ ಮಾಸ್ತರ್ ಅಂತೀವಿ. ಸ್ವತಃ ಮೀನು ಮುಟ್ಟೋರಲ್ಲ. ಲಿಫ್ಟಿನಲ್ಲಿ ಸಿಕ್ಕವರೇ ಕೇಳಿದ್ರು: "ತಮ್ಮಾ, ಆ ಮೆಸೇಜು ಬರದಾಂವ ನೀನ ಏನು? ಆ ಸಂಖ್ಯಾ ಎದರದಪಾ? ಮೀನಿಂದೋ, ಕೆಸರಿಂದೋ?"

ನಾನು ಫೋಟೋ ತೆಗೆದು ನೋಡಿದೆ. ಸಣ್ಣ ಅಕ್ಷರದಲ್ಲಿ ಬರೆದಿತ್ತು: ಕೆಸರು, ಒಣ ತೂಕ.

"ಹಂಗಾರ ನೀ ಕೆಸರ ತಿಂತಿಯೋ, ಮೀನ ತಿಂತಿಯೋ?"

ಟೆಸ್ಟಿಂಗ್ ಕೆಲಸ ಮಾಡೋನು ನಾನು. ಎರಡು ಬೇರೆ ಬೇರೆ ಯುನಿಟ್ಟಿನ ಸಂಖ್ಯೆ ಹೋಲಿಸಿದ ಡೆವಲಪರ್‌ಗೆ ನಾನೇ ಎಷ್ಟು ಸಲ ಬಗ್ ಹಾಕಿದ್ದೀನೋ. ಇಲ್ಲಿ ನಾನು ಮಾಡಿದ್ದೂ ಅದೇ. ಆಹಾರದ ಮಿತಿ ಇರೋದು ಹಸಿ ಮಾಂಸಕ್ಕೆ. ಮೀನಿನಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ. ಒಣಗಿಸಿ ಅಳೆದ್ರೆ ಅದೇ ಮೀನಿನ ಸಂಖ್ಯೆ ನಾಲ್ಕೈದು ಪಟ್ಟು ಜಾಸ್ತಿ ಕಾಣುತ್ತೆ. ಅದು ಮೀನಿನ ಮಾತಾಯ್ತು. ನಾನು ಹೋಲಿಸಿದ್ದು ಮೀನಿಗೂ ಅಲ್ಲ, ಕೆಸರಿಗೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಮಾಸ್ತರ್ ಹೇಳಿದ್ರು: ಲೋಹ ಅನ್ನೋದು ಕಾರ್ಖಾನೆ ಬರೋ ಮುಂಚೆಯಿಂದ ಮಣ್ಣಿನಲ್ಲಿದೆ. ಜೇಡಿಬಂಡೆಯಲ್ಲಿ ಲೋಕದ ಸರಾಸರಿ ಎಷ್ಟು ಅಂತ 1961ರಲ್ಲೇ ಟುರೆಕಿಯನ್ ಮತ್ತು ವೆಡೆಪೋಲ್ ಅನ್ನೋ ಇಬ್ಬರು ಪಟ್ಟಿ ಮಾಡಿದ್ದಾರೆ, ಇವತ್ತಿಗೂ ಬಳಸ್ತಾರೆ. ಸೀಸ 20 ಪಿಪಿಎಂ, ಸತು 95, ತಾಮ್ರ 45, ಕ್ರೋಮಿಯಂ 90, ಕ್ಯಾಡ್ಮಿಯಂ 0.3. ಅಂದ್ರೆ ಮನುಷ್ಯ ಕಾಲಿಡದ ಜಾಗದ ಶುದ್ಧ ಕೆಸರನ್ನ ತಂದು ನನ್ನ ಲೆಕ್ಕ ಹಾಕಿದ್ರೂ "ಮಿತಿಗಿಂತ ಅರವತ್ತೇಳು ಪಟ್ಟು" ಅಂತಲೇ ಬರ್ತಿತ್ತು. ನಮ್ಮ ಅಘನಾಶಿನಿಯ ಕೆಸರು ತಂದಿದ್ರೂ ಗ್ರೂಪಲ್ಲಿ ಇದೇ ಗದ್ದಲ ಆಗ್ತಿತ್ತು.

ಲೋಹ ಯಾಕೆ ಇಲ್ಲೇ ಬಂದು ಕೂರುತ್ತೆ?

ಹಾಗಾದ್ರೆ ಎಣ್ಣೂರಲ್ಲಿ ಏನೂ ಆಗಿಲ್ಲ, ಆರಾಮಾಗಿರಿ ಅಂತಾನಾ? ಅಲ್ಲ. ಅದನ್ನೇ ಈಗ ಬಿಡಿಸಿ ಹೇಳ್ತೀನಿ. ಮೊದಲು ಜಾಗ ಅರ್ಥ ಮಾಡ್ಕೊಳ್ಳೋಣ.

ನದಿ ಸಮುದ್ರ ಸೇರೋ ಜಾಗಕ್ಕೆ ನಮ್ಮ ಕಡೆ ಅಳಿವೆ ಅಂತೀವಿ. ಅಂಥ ಜಾಗದ ಮುಂದೆ ಮರಳಿನ ಉದ್ದ ದಿಬ್ಬ ಬೆಳೆದು, ಒಳಗೆ ಉಪ್ಪು-ಸಿಹಿ ಬೆರೆತ ನೀರು ವಿಶಾಲವಾಗಿ ನಿಂತ್ರೆ ಅದು ಲಗೂನ್. ಚೆನ್ನೈನ ಉತ್ತರಕ್ಕೆ ಇರೋ ಪುಲಿಕಾಟ್, ತಮಿಳಲ್ಲಿ ಪಳವೇರ್ಕಾಡು, ಚಿಲಿಕಾ ಬಿಟ್ರೆ ದೇಶದ ಎರಡನೇ ದೊಡ್ಡ ಉಪ್ಪುನೀರಿನ ಲಗೂನ್. ಅದಕ್ಕೂ ಬಂಗಾಳ ಕೊಲ್ಲಿಗೂ ನಡುವೆ ಇರೋ ಮರಳಿನ ದ್ವೀಪವೇ ಶ್ರೀಹರಿಕೋಟ, ರಾಕೆಟ್ ಹಾರಿಸೋ ಜಾಗ. ಪುಲಿಕಾಟ್‌ನ ದಕ್ಷಿಣಕ್ಕೆ ಎಣ್ಣೂರಿನ ಖಾರಿ. ಕೊಸಸ್ತಲೈಯಾರ್ ನದಿ ಅಲ್ಲಿ ಸಮುದ್ರ ಸೇರುತ್ತೆ. ಎರಡನ್ನೂ ಹಿನ್ನೀರು ಮತ್ತು ಬಕಿಂಗ್‌ಹ್ಯಾಮ್ ಕಾಲುವೆ ಜೋಡಿಸುತ್ತವೆ. ನೀರಿಗೆ ಇವೆರಡೂ ಒಂದೇ ಮನೆಯ ಎರಡು ಕೋಣೆ ಇದ್ದ ಹಾಗೆ.

ಈ ಕೋಣೆಯ ಸುತ್ತ ಏನಿದೆ ನೋಡಿ: ಮಣಲಿಯ ಪೆಟ್ರೋಕೆಮಿಕಲ್ ಕಾರ್ಖಾನೆಗಳು, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳು, ಬಂದರು, ನಗರದ ಚರಂಡಿ ನೀರು. ಲೋಹ ನೀರಲ್ಲಿ ಕರಗಿ ಬಂದ್ರೂ ಕರಗಿಯೇ ಉಳಿಯೋದಿಲ್ಲ. ಸಿಹಿನೀರು ಉಪ್ಪುನೀರನ್ನ ಮುಟ್ಟಿದ ಕೂಡ್ಲೇ ಜೇಡಿಯ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗರಣೆಯಾಗಿ ತಳಕ್ಕೆ ಇಳೀತವೆ. ಹಾಲಿಗೆ ಹುಳಿ ಹಿಂಡಿದ ಹಾಗೆ. ಆ ಕಣಗಳ ಮೈಗೆ, ಕಬ್ಬಿಣ-ಮ್ಯಾಂಗನೀಸಿನ ತುಕ್ಕಿಗೆ, ಕೊಳೆತ ಎಲೆಗಳಿಗೆ ಲೋಹ ಅಂಟಿಕೊಳ್ಳುತ್ತೆ. ಲಗೂನಿನಲ್ಲಿ ಅಲೆ ಇಲ್ಲ, ಸೆಳೆತ ಕಡಿಮೆ. ಇಳಿದದ್ದು ಅಲ್ಲೇ ಕೂತುಬಿಡುತ್ತೆ. ಅದಕ್ಕೇ ನೀರಿನ ಒಂದು ಬಾಟಲಿ ತುಂಬಿ ಪರೀಕ್ಷೆ ಮಾಡಿ "ಎಲ್ಲ ಸರಿ ಇದೆ" ಅನ್ನೋ ವರದಿ ಬಂದ್ರೆ ನಂಬೋಕೆ ಮುಂಚೆ ಯೋಚಿಸ್ಬೇಕು. ನೀರು ಇವತ್ತಿನ ಸುದ್ದಿ ಮಾತ್ರ ಹೇಳುತ್ತೆ. ಹಳೇದೆಲ್ಲ ಇರೋದು ಕೆಸರಿನಲ್ಲಿ.

ಇನ್ನೊಂದು ಮಾತು. ಚರಂಡಿಯ ಕೊಳಕನ್ನ ಬ್ಯಾಕ್ಟೀರಿಯಾ ತಿಂದು ಮುಗಿಸಬಹುದು. ಎಣ್ಣೆಯೂ ವರ್ಷಗಳಲ್ಲಿ ಒಡೆಯುತ್ತೆ. ಸೀಸ ಒಡೆಯೋದಿಲ್ಲ, ಅದು ಮೂಲಧಾತು. ಅದಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ.

ಕೆಸರನ್ನು ಓದೋದು ಹೇಗೆ?

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೆಸರು ಒಂದು ಲಾಗ್ ಫೈಲ್. ಹೊಸ ಎಂಟ್ರಿ ಮೇಲೆ ಬರುತ್ತೆ, ಹಳೇದು ಕೆಳಗೆ. ಸಂಶೋಧಕರು ಒಂದು ಪೈಪನ್ನ ತಳಕ್ಕೆ ಒತ್ತಿ ಕೆಸರಿನ ಕಂಬ ತೆಗೀತಾರೆ. ಅದನ್ನ ಸೆಂಟಿಮೀಟರ್ ಲೆಕ್ಕದಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಪ್ರತಿ ಬಿಲ್ಲೆಯಲ್ಲೂ ಲೋಹ ಅಳೀತಾರೆ. ಟೈಮ್‌ಸ್ಟ್ಯಾಂಪ್ ಎಲ್ಲಿಂದ? ಸೀಸ-210 ಅನ್ನೋ ವಿಕಿರಣಶೀಲ ಸೀಸ ವಾತಾವರಣದಿಂದ ಸದಾ ಉದುರ್ತಾ ಇರುತ್ತೆ. ಅದು 22 ವರ್ಷ ಚಿಲ್ಲರೆಗೆ ಅರ್ಧ ಆಗುತ್ತೆ. ಎಷ್ಟು ಉಳಿದಿದೆ ಅಂತ ನೋಡಿ ಸುಮಾರು ನೂರು ವರ್ಷದ ಹಿಂದಿನವರೆಗೂ ಪದರದ ವಯಸ್ಸು ಹೇಳಬಹುದು. ಇನ್ನೊಂದು ಗುರುತು ಸೀಸಿಯಂ-137. ಅಣುಬಾಂಬ್ ಪರೀಕ್ಷೆಗಳು ಜೋರಾಗಿದ್ದ ಕಾಲದ್ದು, 1963ರ ಆಸುಪಾಸಿನ ಪದರದಲ್ಲಿ ಅದರ ಶಿಖರ ಕಾಣುತ್ತೆ. ಪೆಟ್ರೋಲಿಗೆ ಸೀಸ ಬೆರೆಸ್ತಿದ್ದ ಕಾಲದ ಗುರುತನ್ನ ಬೇರೆ ಬೇರೆ ದೇಶದ ಕೆಸರುಗಳಲ್ಲಿ ಓದಿದ್ದಾರೆ. ನಮ್ಮಲ್ಲಿ ಆ ಪೆಟ್ರೋಲ್ ದೇಶಾದ್ಯಂತ ನಿಂತದ್ದು 2000ದಲ್ಲಿ.

ಈ ಲಾಗನ್ನ ಓದುವಾಗ ಒಂದು ಎಚ್ಚರ ಬೇಕು. ಮರಳಿನಲ್ಲಿ ಲೋಹ ಕಡಿಮೆ, ಜೇಡಿಯಲ್ಲಿ ಜಾಸ್ತಿ. ಅದು ಮಾಲಿನ್ಯ ಅಲ್ಲ, ಸ್ವಭಾವ. ಅದಕ್ಕೇ ಲೋಹವನ್ನ ಅಲ್ಯೂಮಿನಿಯಂ ಜೊತೆ ಅನುಪಾತ ಮಾಡಿ ನೋಡ್ತಾರೆ, ಯಾಕಂದ್ರೆ ಅಲ್ಯೂಮಿನಿಯಂ ಜೇಡಿಯ ಪ್ರಮಾಣ ಹೇಳುತ್ತೆ. ಆ ಅನುಪಾತ ಆ ಜಾಗದ ಹಳೇ, ಆಳದ ಪದರಕ್ಕಿಂತ ಎಷ್ಟು ಪಟ್ಟು ಏರಿದೆ ಅನ್ನೋದೇ ನಿಜವಾದ ಪ್ರಶ್ನೆ. 1969ರಲ್ಲಿ ಮುಲ್ಲರ್ ಅನ್ನೋ ಜರ್ಮನ್ ವಿಜ್ಞಾನಿ ಕೊಟ್ಟ ಸೂಚ್ಯಂಕವೂ ಇದೆ. ಅದರಲ್ಲಿ ಹಿನ್ನೆಲೆಯ ಮಟ್ಟವನ್ನ ಒಂದೂವರೆ ಪಟ್ಟು ಮಾಡಿಯೇ ಹೋಲಿಸ್ತಾರೆ, ಪ್ರಕೃತಿಯ ಸಣ್ಣ ಏರಿಳಿತವನ್ನ ಮಾಲಿನ್ಯ ಅಂತ ಕರೀಬಾರದು ಅಂತ. ನೋಡಿ, ವಿಜ್ಞಾನಿಗಳು ಆರೋಪ ಮಾಡೋ ಮುಂಚೆ ಒಂದೂವರೆ ಪಟ್ಟು ಜಾಗ ಬಿಡ್ತಾರೆ. ನಾನು ಒಂದು ನಿಮಿಷ ಬಿಟ್ಟಿರಲಿಲ್ಲ.

ಲಾಕರು, ಎಫ್‌ಡಿ, ಜೇಬಿನ ಚಿಲ್ಲರೆ

ಮೂರನೇ ತಪ್ಪು ಇದು, ಮತ್ತು ಇದೇ ಮುಖ್ಯ. ಕೆಸರಿನಲ್ಲಿ ಒಟ್ಟು ಲೋಹ ಎಷ್ಟಿದೆ ಅನ್ನೋದು ಒಂದು. ಅದರಲ್ಲಿ ಎಷ್ಟು ಜೀವಿಯ ಮೈ ಸೇರಬಲ್ಲದು ಅನ್ನೋದು ಬೇರೆ.

ನಿಮ್ಮ ಹತ್ರ ಹಣ ಎಷ್ಟಿದೆ ಅಂತ ಕೇಳಿದ್ರೆ ಏನು ಹೇಳ್ತೀರಿ? ಜೇಬಲ್ಲಿ ಚಿಲ್ಲರೆ, ಖಾತೆಯಲ್ಲಿ ಸಂಬಳ, ಬ್ಯಾಂಕಲ್ಲಿ ಎಫ್‌ಡಿ, ಊರಲ್ಲಿ ಜಮೀನು. ಒಟ್ಟು ಒಂದೇ, ಆದ್ರೆ ಸಂಜೆ ತರಕಾರಿಗೆ ಬರೋದು ಜೇಬಿನದ್ದು ಮಾತ್ರ. 1979ರಲ್ಲಿ ಟೆಸಿಯರ್ ಮತ್ತು ಜೊತೆಗಾರರು ಕೆಸರಿನ ಲೋಹವನ್ನ ಹೀಗೇ ಐದು ಖಾತೆಯಾಗಿ ಬೇರ್ಪಡಿಸೋ ವಿಧಾನ ಕೊಟ್ಟರು. ಕಣದ ಮೈಗೆ ಸುಮ್ಮನೆ ಅಂಟಿರೋದು, ಕಾರ್ಬೊನೇಟಿನಲ್ಲಿರೋದು, ಕಬ್ಬಿಣ-ಮ್ಯಾಂಗನೀಸ್ ತುಕ್ಕಿನಲ್ಲಿರೋದು, ಸಾವಯವ ವಸ್ತು ಮತ್ತು ಸಲ್ಫೈಡಿನಲ್ಲಿರೋದು, ಕೊನೆಗೆ ಖನಿಜದ ಹರಳಿನ ಒಳಗೇ ಬೀಗ ಹಾಕಿ ಕೂತಿರೋದು. ಮೊದಲನೇದು ಜೇಬಿನ ಚಿಲ್ಲರೆ. ಕೊನೇದು ಊರಿನ ಜಮೀನು, ಸುಲಭಕ್ಕೆ ಕೈಗೆ ಬರೋದಲ್ಲ.

ಅಪಾಯ ಇರೋದು ನಡುವಿನ ಖಾತೆಗಳಲ್ಲಿ. ಖಾರಿಯ ಕೆಸರು ಕೆದಕಿದ್ರೆ ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಲ್ವಾ, ಅದು ಆಮ್ಲಜನಕ ಇಲ್ಲದ ಸಲ್ಫೈಡಿನ ಕೆಸರು. ಕ್ಯಾಡ್ಮಿಯಂ, ಸತು, ತಾಮ್ರ, ಸೀಸವನ್ನ ಸಲ್ಫೈಡು ಗಟ್ಟಿಯಾಗಿ ಹಿಡಿದಿಟ್ಟಿರುತ್ತೆ. ಆ ವಾಸನೆ ಒಂಥರಾ ಕಾವಲುಗಾರ. ಈಗ ಹಡಗಿಗೆ ದಾರಿ ಮಾಡೋಕೆ ಅಂತ ಡ್ರೆಜಿಂಗ್ ಮಾಡಿ ಆ ಕೆಸರನ್ನ ಮೇಲೆತ್ತಿ ಗಾಳಿಗೆ ಹಾಕಿದ್ರೆ ಸಲ್ಫೈಡು ಉತ್ಕರ್ಷಣೆ ಆಗುತ್ತೆ, ಹಿಡಿದಿಟ್ಟ ಲೋಹ ನೀರಿಗೆ ಬಿಡುಗಡೆ ಆಗುತ್ತೆ. ಮೆಚ್ಯೂರಿಟಿಗೆ ಮುಂಚೆ ಎಫ್‌ಡಿ ಮುರಿದ ಹಾಗೆ. ಚಂಡಮಾರುತವೂ ತಳ ಕಲಕುತ್ತೆ. ಪಾದರಸದ ಕಥೆ ಇನ್ನೂ ವಿಚಿತ್ರ: ಅದೇ ಆಮ್ಲಜನಕ ಇಲ್ಲದ ಕೆಸರಿನ ಬ್ಯಾಕ್ಟೀರಿಯಾ ಅದನ್ನ ಮೀಥೈಲ್ ಪಾದರಸವಾಗಿ ಬದಲಾಯಿಸ್ತವೆ, ಅದು ಸಣ್ಣ ಮೀನಿಂದ ದೊಡ್ಡ ಮೀನಿಗೆ ಹೋಗ್ತಾ ಹೋಗ್ತಾ ಸಾಂದ್ರವಾಗುತ್ತೆ.

ತಡ ಮಾಡಿದ್ರೆ ಏನಾಗುತ್ತೆ ಅನ್ನೋಕೆ ಜಪಾನಿನ ಮಿನಮಾಟಾ ಇದೆ. ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಪಾದರಸದ ನೀರು ಬಿಡೋದು ನಿಂತದ್ದು 1968ರಲ್ಲಿ. ಕೊಲ್ಲಿಯ ಕೆಸರು ತೆಗೆಯೋ ಕೆಲಸ 1977ರಲ್ಲಿ ಶುರುವಾಗಿ ಮುಗಿದದ್ದು 1990ರಲ್ಲಿ. ಸುಮಾರು 15 ಲಕ್ಷ ಘನಮೀಟರ್ ಕೆಸರು ಎತ್ತಿ, 58 ಹೆಕ್ಟೇರ್ ಹೊಸ ನೆಲವನ್ನೇ ಮಾಡಿ ಅದರಡಿ ಹೂತರು. ಕೊಳಾಯಿ ನಿಲ್ಲಿಸಿದ ಮೇಲೂ 22 ವರ್ಷ. ಕೆಸರಿನ ಸಾಲಕ್ಕೆ ಬಡ್ಡಿ ಹಾಗಿರುತ್ತೆ.

ಎಣ್ಣೂರಿಗೆ ಹೋದದ್ದು

ಇಷ್ಟು ಕಲಿಯೋಕೆ ನನಗೆ ಎರಡು ತಿಂಗಳು ಬೇಕಾಯ್ತು. ತಿದ್ದುಪಡಿ ಮೆಸೇಜು ಮೊದಲ ವಾರವೇ ಹಾಕಿದ್ದೆ. ಅದಕ್ಕೆ ಬಂದದ್ದು ಮೂರು ಥಂಬ್ಸ್ ಅಪ್. ಅಷ್ಟರಲ್ಲಿ ಮೊದಲನೇ ಮೆಸೇಜು ಪುಣೆಯಲ್ಲಿರೋ ನನ್ನ ಚಿಕ್ಕಪ್ಪನ ಮಗನಿಂದ ನನಗೇ ವಾಪಸ್ ಬಂತು, "ಅಣ್ಣಾ, ನಿಮ್ಮೂರಿನದು ನೋಡಿದ್ಯಾ?" ಅಂತ. ಮೇಲೆ "ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ" ಅಂತ ಇತ್ತು.

ಅಕ್ಕನ ನಂಬರು ಸೆಕ್ಯೂರಿಟಿ ಹತ್ರ ಇತ್ತು. ಫೋನ್ ಮಾಡಿ, ಆ ಮೆಸೇಜು ಬರೆದವನು ನಾನೇ, ಬಂದು ಮಾತಾಡ್ಬೇಕು ಅಂದೆ. ಬೈತಾರೆ ಅಂದ್ಕೊಂಡಿದ್ದೆ. "ಬಾ ತಂಬಿ, ಬೆಳಿಗ್ಗೆನೇ ಬಾ, ಬಿಸಿಲು ಜೋರು" ಅಂದ್ರು. ಮಾಸ್ತರ್ ತಾವೂ ಹೊರಟ್ರು, ತಲೆಗೆ ಟೋಪಿ, ಕೈಯಲ್ಲಿ ಕೊಡೆ.

ಖಾರಿಯ ದಂಡೆಯಲ್ಲಿ ನಿಂತ್ರೆ ಒಂದು ಕಡೆ ಕಾಂಡ್ಲಾ, ಇನ್ನೊಂದು ಕಡೆ ಚಿಮಣಿಗಳು. ಸ್ಥಾವರದ ಹಾರುಬೂದಿಯನ್ನ ನೀರಲ್ಲಿ ಕಲಸಿ ಪೈಪಿನಲ್ಲಿ ಬೂದಿಕೊಳಕ್ಕೆ ಕಳಿಸ್ತಾರೆ. ಆ ಪೈಪುಗಳು ಸೋರಿ ಬೂದಿ ಖಾರಿಯಲ್ಲಿ ಸೇರಿದ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ನೂರಕ್ಕೆ 30ರಿಂದ 45. ನೂರು ಕಿಲೋ ಸುಟ್ಟು ನಲವತ್ತು ಕಿಲೋ ಉಳಿದ್ರೆ, ಆವಿಯಾಗದ ಲೋಹ ಎಲ್ಲ ಆ ನಲವತ್ತರಲ್ಲೇ, ಅಂದ್ರೆ ಎರಡೂವರೆ ಪಟ್ಟು ಸಾಂದ್ರ. ಮಾಸ್ತರ್ ಬಗ್ಗಿ ಒಂದು ಚಿಟಿಕೆ ಬೂದು ಬಣ್ಣದ ಕೆಸರು ತೆಗೆದು ಬೆರಳಲ್ಲಿ ಉಜ್ಜಿದ್ರು. "ಇದು ಹೊಳಿ ತಂದ ಮಣ್ಣಲ್ಲ, ತಮ್ಮಾ" ಅಂದ್ರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

2017ರಲ್ಲಿ ಟಿ. ಎಂ. ಕೃಷ್ಣ ಇದೇ ಎಣ್ಣೂರಿನ ಬಗ್ಗೆ "ಚೆನ್ನೈ ಪೊರಂಬೋಕ್ಕು ಪಾಡಲ್" ಹಾಡಿದ್ರು. ಪೊರಂಬೋಕು ಅಂದ್ರೆ ಯಾರ ಹೆಸರಿಗೂ ಇಲ್ಲದ, ಎಲ್ಲರಿಗೂ ಸೇರಿದ ಜಾಗ. ಈಗ ಅದು ಬೈಗುಳ. ನಮ್ಮ ಪಹಣಿಯಲ್ಲೂ ಹಾಗೇ ಅಲ್ವಾ? ಸಾಗುವಳಿ ಆಗದ ನೆಲ, ಹಳ್ಳ, ದಾರಿ ಎಲ್ಲ "ಖರಾಬು". ಕೆಟ್ಟದ್ದು ಅಂತ ಮೊದಲೇ ಬರೆದಿಟ್ಟ ಮೇಲೆ ಕೆಡಿಸೋಕೆ ಯಾರಿಗೆ ಸಂಕೋಚ?

ನೀರಲ್ಲಿ ಇರುಳರ ಹೆಂಗಸರು ಸೊಂಟದವರೆಗೆ ಇಳಿದು ಕೈಯಲ್ಲೇ ಸಿಗಡಿ ಹಿಡೀತಿದ್ರು. ಬುಟ್ಟಿಯನ್ನ ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈ ಕೆಸರಿನೊಳಗೆ. ನಾನು ಎರಡು ತಿಂಗಳಿಂದ ಕೋಷ್ಟಕದಲ್ಲಿ ಓದ್ತಿದ್ದ ಕೆಸರು ಅದು.

ನಾನು ಅಕ್ಕನ ಹತ್ರ ಕ್ಷಮೆ ಕೇಳಿದೆ. ಎಣ್ಣೆ ಬಂದಾಗಲೇ ವ್ಯಾಪಾರ ಹೋಗಿತ್ತು, ನಿನ್ನ ಮೆಸೇಜಿಂದ ನಿಮ್ಮ ಕಟ್ಟಡವೂ ಪಕ್ಕದ ಎರಡು ಕಟ್ಟಡವೂ ಹೋಯ್ತು ಅಂದ್ರು. ಸಿಟ್ಟಿಲ್ಲದೆ, ಲೆಕ್ಕ ಹೇಳೋ ಹಾಗೆ. ಆಮೇಲೆ ಕೇಳಿದ್ರು: "ಅದಿರ್ಲಿ ತಂಬಿ. ಓದಿದ್ದೀಯಲ್ಲ. ನಾವು ತಿನ್ನಬಹುದಾ, ಬೇಡ್ವಾ?"

ನಾನು ಗಮನಿಸಿದ್ದು ಆಗ. ನನ್ನ ಮೆಸೇಜು ಕಾಪಾಡೋಕೆ ಹೊರಟದ್ದು ವಾರಕ್ಕೊಮ್ಮೆ ತಿನ್ನೋ ನಮ್ಮನ್ನ. ದಿನಾ ತಿನ್ನೋದು ಅವರು. ಮಾರಾಟ ಆಗದೆ ಉಳಿದದ್ದನ್ನೂ ತಿನ್ನೋದು ಅವರೇ. ಅಂದ್ರೆ ನನ್ನ ಮೆಸೇಜಿನಿಂದ ನಾವು ಬಿಟ್ಟ ಸಿಗಡಿ ಹೋದದ್ದು ಅವರ ಮಕ್ಕಳ ತಟ್ಟೆಗೆ.

ಇಲ್ಲಿ ಒಂದು ಸಣ್ಣ ಲೆಕ್ಕ. ಕ್ಯಾಡ್ಮಿಯಂಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಸಂಸ್ಥೆಯ ಜಂಟಿ ಸಮಿತಿ ಹೇಳೋ ಸಹನೀಯ ಮಟ್ಟ ದೇಹತೂಕದ ಕಿಲೋಗೆ ತಿಂಗಳಿಗೆ 25 ಮೈಕ್ರೋಗ್ರಾಂ. 60 ಕಿಲೋ ಆಳಿಗೆ 1,500. ಈಗ ಒಂದು ಚಿಪ್ಪುಮೀನಿನಲ್ಲಿ ಕಿಲೋಗೆ 1 ಮಿಲಿಗ್ರಾಂ ಇದೆ ಅಂತ ಇಟ್ಕೊಳ್ಳಿ, ಬರೀ ಉದಾಹರಣೆಗೆ. ವಾರಕ್ಕೊಮ್ಮೆ 200 ಗ್ರಾಂ ತಿನ್ನೋ ನನಗೆ ತಿಂಗಳಿಗೆ 800, ಮಿತಿಯ ಒಳಗೆ. ದಿನಾ ತಿನ್ನೋರಿಗೆ 6,000, ಮಿತಿಯ ನಾಲ್ಕು ಪಟ್ಟು. ಚಿಪ್ಪು ಅದೇ, ಕೆಸರು ಅದೇ. ಸೀಸಕ್ಕಂತೂ ಇಷ್ಟು ಸುರಕ್ಷಿತ ಅನ್ನೋ ಮಟ್ಟವೇ ಇಲ್ಲ ಅಂತ ಅದೇ ಸಮಿತಿ 2010ರಲ್ಲಿ ಹಳೇ ಮಿತಿಯನ್ನ ವಾಪಸ್ ತಗೊಂಡಿತು. ಹೆಚ್ಚು ಪೆಟ್ಟು ಬೀಳೋದು ಮಕ್ಕಳ ಮಿದುಳಿಗೆ.

ನನ್ನ ಬಾಯಿ ಕಟ್ಟಿತು. ಮಾಸ್ತರ್ ತಮ್ಮ ಅರ್ಧಂಬರ್ಧ ತಮಿಳಲ್ಲಿ ಹೇಳಿದ್ರು: ನಿಮ್ಮ ಸಿಗಡಿಯನ್ನೇ ಅಳೀದೆ ಹೌದು, ಇಲ್ಲ ಅನ್ನೋಕಾಗಲ್ಲ. ಅಳೆಯೋವರೆಗೆ ಬೂದಿ ಬೀಳೋ ಜಾಗದ ಚಿಪ್ಪು ಬೇಡ, ಅದು ತಳದಲ್ಲೇ ಕೂತು ನೀರು ಸೋಸಿ ತಿನ್ನೋ ಪ್ರಾಣಿ. ಬಸುರಿಯರಿಗೆ, ಮಕ್ಕಳಿಗೆ ಆದಷ್ಟು ಸಮುದ್ರದ ಸಣ್ಣ ಮೀನು ಕೊಡಿ. ಸಿಗಡಿಯ ತಲೆ ತೆಗೆದುಬಿಡಿ, ಲೋಹ ಸೇರೋದು ಹೆಚ್ಚಾಗಿ ತಲೆಯೊಳಗಿನ ಜೀರ್ಣಗ್ರಂಥಿಯಲ್ಲಿ.

ಅಕ್ಕ ನಕ್ಕರು. "ದೊಡ್ಡದು ನಿಮಗೆ ಮಾರ್ತೀವಿ ಅಯ್ಯಾ. ನಮಗೆ ಉಳಿಯೋದು ಪುಡಿ. ಅದರ ತಲೆ ತೆಗೆದ್ರೆ ತಿನ್ನೋಕೆ ಏನಿರುತ್ತೆ?"

ಈ ಮಾತಿಗೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ.

ನಮ್ಮೂರಿನ ಅಳಿವೆ

ವಾಪಸ್ ಬರುವಾಗ ನನಗೆ ನೆನಪಾದದ್ದು ನನ್ನಮ್ಮ. ಇಳಿತದ ಹೊತ್ತಿಗೆ ಅಘನಾಶಿನಿಯ ಹೊಯ್ಗೆಯಲ್ಲಿ ಕೂತು ಬಳಚು ಆರಿಸ್ತಿದ್ರು. ನನ್ನ ಕಾಲೇಜಿನ ಫೀಸಿನಲ್ಲಿ ಅದರ ದುಡ್ಡೂ ಇದೆ. ಅಲ್ಲೇ ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಬರಬೇಕಿತ್ತು. ಊರಿನವರು, ವಿಜ್ಞಾನಿಗಳು ವಿರೋಧಿಸಿದ್ರು, ಅದು ಬರಲಿಲ್ಲ. ಆಗ ನಾನು ಇಂಜಿನಿಯರಿಂಗ್ ಓದ್ತಿದ್ದೆ. "ಕೆಲಸ ಬರ್ತಿತ್ತು, ಇವರು ಬಿಡಲಿಲ್ಲ" ಅಂತ ಸ್ನೇಹಿತರ ಜೊತೆ ನಾನೂ ಅಂದಿದ್ದೆ. 2024ರ ಜನವರಿ 31ಕ್ಕೆ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತು, ನಾನು ಹೆಮ್ಮೆಯಿಂದ ಸ್ಟೇಟಸ್ ಹಾಕಿದೆ. ಎರಡು ತಿಂಗಳಾದ ಮೇಲೆ ಈ ಮೆಸೇಜು ಹಾಕಿದ್ದು.

ನಮ್ಮೂರಿನ ಅಳಿವೆ ಉಳಿಯಿತು. ಆದ್ರೆ ಕರೆಂಟು ಬೇಡ ಅಂತ ಯಾರೂ ಅನ್ನಲಿಲ್ಲ. ನನ್ನ ಆಫೀಸಿನ ಎಸಿ ಇಡೀ ರಾತ್ರಿ ಓಡುತ್ತೆ. ಅದರ ಬೂದಿ ಎಲ್ಲೋ ಒಂದು ಅಳಿವೆಗೆ ಹೋಗಲೇಬೇಕಿತ್ತು. ಅದು ಬೇರೆಯವರ ಅಮ್ಮ ಕೂತ ಅಳಿವೆ, ಅಷ್ಟೇ ವ್ಯತ್ಯಾಸ.

ನಾವು ಏನು ಕೇಳಬಹುದು?

ಕೆಸರನ್ನ ಸ್ವಚ್ಛ ಮಾಡೋಕೆ ಮೂರು ದಾರಿ: ತೆಗೆಯೋದು, ಮೇಲೆ ಶುದ್ಧ ಮರಳು ಮುಚ್ಚೋದು, ಅಥವಾ ಮೂಲ ನಿಲ್ಲಿಸಿ ಹೊಸ ಕೆಸರು ತಾನೇ ಮುಚ್ಚಲಿ ಅಂತ ಕಾಯೋದು. ಮೂರಕ್ಕೂ ಮೊದಲ ಹೆಜ್ಜೆ ಒಂದೇ: ಮೇಲಿನಿಂದ ಸುರಿಯೋದು ನಿಲ್ಲಬೇಕು.

ಹಾಗಾಗಿ ನೀವು ಯಾವ ಊರಲ್ಲಿದ್ರೂ, ಮುಂಬೈನ ಥಾಣೆ ಖಾರಿ ಇರಲಿ, ಇಲ್ಲಿಯ ಎಣ್ಣೂರಿರಲಿ, ಒಂದು ಸಂಖ್ಯೆ ಕಂಡಾಗ ನಾಲ್ಕು ಪ್ರಶ್ನೆ ಕೇಳಿ. ಅಳೆದದ್ದು ಏನನ್ನ, ನೀರೋ, ಕೆಸರೋ, ಮೀನೋ? ಒಣ ತೂಕವೋ, ಹಸಿಯೋ? ಆ ಜಾಗದ ಹಳೇ ಮಟ್ಟ ಎಷ್ಟು? ತಿನ್ನೋರು ಯಾರು, ಎಷ್ಟು ಸಲ? ನಾಲ್ಕನೇ ಪ್ರಶ್ನೆಯನ್ನ ಮರೀಬೇಡಿ. ಅದನ್ನ ಕೇಳೋರು ಕಡಿಮೆ. ಪರೀಕ್ಷೆ ಮಾಡೋದಾದ್ರೆ ನಮ್ಮ ಮಾರುಕಟ್ಟೆಯ ದೊಡ್ಡ ಸಿಗಡಿ ಜೊತೆಗೆ ಅವರ ಮನೆಯ ಪುಡಿಯನ್ನೂ ಮಾಡಿ, ಫಲಿತಾಂಶವನ್ನ ಅವರ ಭಾಷೆಯಲ್ಲಿ ಅವರಿಗೇ ಮೊದಲು ಹೇಳಿ ಅಂತ ಕೇಳೋಣ.

ಅಕ್ಕ ಈಗ ಮತ್ತೆ ಬರ್ತಾರೆ. ಪಕ್ಕದ ಎರಡು ಕಟ್ಟಡದವರು ಇನ್ನೂ ಇಳಿಯೋದಿಲ್ಲ. ನಾನು ಸಿಗಡಿ ತಗೊಳ್ತೀನಿ, ತಲೆ ತೆಗೆದು ಸಾರು ಮಾಡ್ತೀವಿ. ಹೋದ ತಿಂಗಳು ತೂಕ ಮಾಡ್ತಾ ಕೇಳಿದ್ರು, "ಏನಾಯ್ತು ತಂಬಿ, ಅಳೆದ್ರಾ?" ಇನ್ನೂ ಇಲ್ಲ ಅಕ್ಕಾ ಅಂದೆ. ಮಾಸ್ತರ್ ಪರಿಚಯದವರ ಮೂಲಕ ಒಂದು ಪ್ರಯೋಗಾಲಯವನ್ನ ಕೇಳ್ತಿದ್ದೀವಿ. ಈ ಮಾತು ಕೇಳ್ತಿರೋ ನಿಮ್ಮಲ್ಲಿ ಆ ಕ್ಷೇತ್ರದವರು ಯಾರಾದ್ರೂ ಇದ್ರೆ, ದಯವಿಟ್ಟು ಕೆಳಗೆ ಬರೀರಿ. ಆ ಪುಡಿ ಸಿಗಡಿಯನ್ನ ಒಂದು ಸಲ ಅಳೆಯಬೇಕು.